ಬಾನೆಟ್ ಅಡಿಯ ಗಾಳಿ, ಮುಲ್ಕಿಯಾದ ಮೇಲಿನ ದಂಡ

ಶಾರ್ಜಾದ ಸನಾಯದಲ್ಲಿ, ಅಂದರೆ ಇಂಡಸ್ಟ್ರಿಯಲ್ ಏರಿಯಾದಲ್ಲಿ, ಗ್ಯಾರೇಜುಗಳ ಸಾಲಿನ ಎದುರು ಸಂಜೆ ಹೊತ್ತು ನಿಂತರೆ ನಮ್ಮ ಭಾಷೆ ಕಿವಿಗೆ ಬೀಳದೇ ಇರುವುದು ಕಡಿಮೆ. ಉಳ್ಳಾಲ, ಬಂಟ್ವಾಳ, ಪುತ್ತೂರು, ಸುರತ್ಕಲ್ ಕಡೆಯಿಂದ ಹೋದ ಹುಡುಗರು ಅಲ್ಲಿ ಸ್ಪ್ಯಾನರ್ ಹಿಡಿದಿದ್ದಾರೆ, ಪೈಂಟ್ ಹೊಡೆಯುತ್ತಿದ್ದಾರೆ, ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ಕೂತಿದ್ದಾರೆ. ನಾನು ಹೋದ ದಿನ ಒಂದು ಗ್ಯಾರೇಜಿನಲ್ಲಿ ಟೊಯೋಟಾ 86 ಸ್ಪೋರ್ಟ್ಸ್ ಕಾರು ಮುಂದಿನ ಬಂಪರ್ ಕಳಚಿಕೊಂಡು ನಿಂತಿತ್ತು. ಪಕ್ಕದ ಪೆಟ್ಟಿಗೆಯಲ್ಲಿ ಬಸವನಹುಳದ ಆಕಾರದ, ಮಿರಮಿರ ಹೊಳೆಯುವ ಅಲ್ಯೂಮಿನಿಯಂ ಸಾಮಾನು. ಸೂಪರ್‌ಚಾರ್ಜರ್. ಕೆಲಸ ಮಾಡುತ್ತಿದ್ದವ ನಮ್ಮವನೇ, ಬಂಟ್ವಾಳದ ಕಡೆಯವ. "ಇದು ಕೂರಿಸುವುದು ಎರಡು ಮೂರು ದಿನದ ಕೆಲಸ ಕಾಕಾ, ಅದು ದೊಡ್ಡದಲ್ಲ. ನಂತರ ಏನಾದರೂ ಆದರೆ ಹೊಣೆ ಯಾರದ್ದು, ಅದು ದೊಡ್ಡದು" ಅಂದ.

ಅವನ ಮಾತು ಹಿಡಿದುಕೊಂಡೇ ಈ ಲೇಖನ ಬರೆಯುತ್ತಿದ್ದೇನೆ. ಯುಎಇಯಲ್ಲಿ ಗಾಡಿ ಮಾಡಿಫೈ ಮಾಡುವವರ ಮೇಲೆ ಕಾನೂನು ವರ್ಷದಿಂದ ವರ್ಷಕ್ಕೆ ಬಿಗಿಯಾಗುತ್ತಿದೆ. 1995ರ ಹಳೆಯ ಫೆಡರಲ್ ಟ್ರಾಫಿಕ್ ಕಾನೂನು ಹೋಗಿ ಹೊಸದು 2025ರ ಮಾರ್ಚ್ 29ರಿಂದ ಜಾರಿಗೆ ಬಂದಿದೆ. ಅದಕ್ಕೂ ಮೊದಲೇ ಅಬುಧಾಬಿ, ದುಬೈ ಎರಡೂ ತಮ್ಮ ತಮ್ಮ ಮಟ್ಟದಲ್ಲಿ ಜಪ್ತಿಯ ನಿಯಮ ಹೆಚ್ಚಿಸಿದ್ದವು. ಇತ್ತ ಊರಿನಲ್ಲೂ ಸೈಲೆನ್ಸರ್ ಮೇಲೆ ರೋಡ್ ರೋಲರ್ ಹತ್ತಿಸುವ ಪೊಲೀಸರ ವಿಡಿಯೋ ವಾಟ್ಸಾಪಿನಲ್ಲಿ ತಿರುಗುತ್ತಲೇ ಇರುತ್ತದೆ. ನಮ್ಮ ಹುಡುಗರು ಈ ವ್ಯವಹಾರದ ಎರಡೂ ಕಡೆ ಇದ್ದಾರೆ. ಕೆಲವರು ಗಾಡಿಯ ಮಾಲಕರು, ಹೆಚ್ಚಿನವರು ಆ ಗಾಡಿಗೆ ಕೈ ಹಾಕುವವರು. ಆದ್ದರಿಂದ ಇದು ಶ್ರೀಮಂತರ ಶೋಕಿ, ನಮಗೆಂತ ಅಂತ ಪುಟ ತಿರುಗಿಸುವ ವಿಷಯ ಅಲ್ಲ.

ಮೊದಲು ಅದು ಎಂತದು ಅಂತ ನೋಡುವ. ಎಂಜಿನ್ ಅಂದರೆ ಗಾಳಿ ಎಳೆದು ಬಿಡುವ ಒಂದು ಪಂಪು, ಅಷ್ಟೇ. ಒಂದು ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಬೇಕಾದರೆ ಸುಮಾರು 14.7 ಗ್ರಾಂ ಗಾಳಿ ಬೇಕು. ಪೆಟ್ರೋಲ್ ಹೆಚ್ಚು ಸುರಿಯುವುದು ಸುಲಭ, ಗಾಳಿ ಹೆಚ್ಚು ತುಂಬಿಸುವುದು ಕಷ್ಟ. ಕುಲುಮೆಯಲ್ಲಿ ತಿದಿ ಒತ್ತಿದ ಹಾಗೆ ಗಾಳಿಯನ್ನು ಒತ್ತಡದಿಂದ ಒಳಗೆ ತಳ್ಳಿದರೆ ಅದೇ ಎರಡು ಲೀಟರಿನ ಎಂಜಿನ್ ಮೂರು ಲೀಟರಿನ ಎಂಜಿನಿನ ಹಾಗೆ ವರ್ತಿಸುತ್ತದೆ. ಹೋಲಿಕೆ ನಾನು ಕಟ್ಟಿದ್ದಲ್ಲ. ಅಮೆರಿಕದ ಇಂಡಿಯಾನಾದ ರೂಟ್ಸ್ ಸಹೋದರರು 1860ರಲ್ಲಿ ಪೇಟೆಂಟ್ ಪಡೆದ ಬ್ಲೋವರ್ ಕುಲುಮೆ, ಗಣಿಗಳಿಗೆ ಗಾಳಿ ಊದುವ ಯಂತ್ರವಾಗಿಯೇ ಬಳಕೆಗೆ ಬಂದದ್ದು. ಅದನ್ನು ಕಾರಿಗೆ ತಂದು ಮಾರಾಟಕ್ಕಿಟ್ಟವರಲ್ಲಿ ಮೊದಲಿಗರು ಮರ್ಸಿಡಿಸಿನವರು, 1921ರಲ್ಲಿ. ಬೆಂಟ್ಲಿ ಕಂಪೆನಿಯ ಸ್ಥಾಪಕ ಡಬ್ಲ್ಯು.ಒ. ಬೆಂಟ್ಲಿಗೆ ಮಾತ್ರ ಇದು ಕಡೆಯವರೆಗೂ ಹಿಡಿಸಲಿಲ್ಲ. ಎಂಜಿನಿನ ವಿನ್ಯಾಸವೇ ಕೆಡುತ್ತದೆ ಎಂಬುದು ಅವರ ತಕರಾರು. ಆದರೂ ಇವತ್ತು ಜನ ನೆನಪಿಟ್ಟುಕೊಂಡಿರುವ ಹಳೆಯ ಬೆಂಟ್ಲಿ ಎಂದರೆ ಆ 'ಬ್ಲೋವರ್' ಬೆಂಟ್ಲಿಯೇ!

ಟರ್ಬೊ ನಮ್ಮವರಿಗೆ ಗೊತ್ತು, ಡೀಸೆಲ್ ಗಾಡಿಯಲ್ಲೆಲ್ಲ ಉಂಟು. ಟರ್ಬೊ ತಿರುಗುವುದು ಸೈಲೆನ್ಸರಿಗೆ ಹೋಗುವ ಹೊಗೆಯ ಬಲದಿಂದ. ಸೂಪರ್‌ಚಾರ್ಜರ್ ತಿರುಗುವುದು ಎಂಜಿನಿನ ಕ್ರ್ಯಾಂಕ್‌ನಿಂದ ಬರುವ ಬೆಲ್ಟಿನಿಂದ. ಅಂದರೆ ಎಂಜಿನಿನ ಶಕ್ತಿಯನ್ನೇ ಒಂದಿಷ್ಟು ತಿಂದು, ಅದಕ್ಕಿಂತ ಹೆಚ್ಚು ವಾಪಸ್ ಕೊಡುತ್ತದೆ. ಆಕ್ಸಿಲರೇಟರ್ ಒತ್ತಿದ ತಕ್ಷಣ ಎಳೆತ ಸಿಗುವುದು ಇದರ ಲಾಭ. ಟೊಯೋಟಾ 86ರ ಎರಡು ಲೀಟರ್ ಎಂಜಿನ್ ಕಂಪೆನಿಯಿಂದ ಬರುವಾಗ ಸುಮಾರು 200 ಅಶ್ವಶಕ್ತಿಯದು. ಮಧ್ಯದ ವೇಗದಲ್ಲಿ, 4 ಸಾವಿರ ಆರ್‌ಪಿಎಂ ಆಸುಪಾಸಿನಲ್ಲಿ ಅದು ಸ್ವಲ್ಪ ಸೋತ ಹಾಗೆ ಆಗುತ್ತದೆ. ಓಡಿಸಿದವರಿಗೆಲ್ಲ ಆ ಗುಂಡಿ ಗೊತ್ತು. ಎಚ್‌ಕೆಎಸ್, ಜಾಕ್ಸನ್ ರೇಸಿಂಗ್, ಎಡೆಲ್‌ಬ್ರಾಕ್, ಸ್ಪ್ರಿಂಟೆಕ್ಸ್ ಹೀಗೆ ಹಲವರು ಅದಕ್ಕೆ ಕಿಟ್ ತಂದರು. ಒಳ್ಳೆಯ ಕಿಟ್, ಒಳ್ಳೆಯ ಟ್ಯೂನಿಂಗ್ ಇದ್ದರೆ 200 ಇದ್ದದ್ದು 280ರ ಮೇಲೆ ಹೋಗುತ್ತದೆ.

ಇಷ್ಟು ಕೇಳಿದರೆ ಯಾವ ಹುಡುಗನ ಕೈಯೂ ಜೇಬಿಗೆ ಹೋಗುತ್ತದೆ. ಆದರೆ ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಸೈಕಲಿಗೆ ಗಾಳಿ ಹಾಕಿದ ಪಂಪಿನ ಬುಡ ಮುಟ್ಟಿ ನೋಡಿದವರಿಗೆ ಇದು ಗೊತ್ತಿರುತ್ತದೆ. ಗಲ್ಫಿನ ಜುಲೈ ತಿಂಗಳಲ್ಲಿ ಹೊರಗಿನ ಗಾಳಿಯೇ 45 ಡಿಗ್ರಿ. ಅದನ್ನು 7 ಪಿಎಸ್‌ಐ ಒತ್ತಡಕ್ಕೆ ಏರಿಸಿದರೆ, ಸಾಧಾರಣ ದಕ್ಷತೆಯ ಸೂಪರ್‌ಚಾರ್ಜರಿನಿಂದ ಹೊರಬರುವ ಗಾಳಿ ಹೆಚ್ಚುಕಡಿಮೆ 100 ಡಿಗ್ರಿಗೆ ಮುಟ್ಟುತ್ತದೆ ಅಂತ ಲೆಕ್ಕ ಹೇಳುತ್ತದೆ. ನೀರು ಕುದಿಯುವ ಬಿಸಿ. ಇಂಟರ್‌ಕೂಲರ್ ಇಲ್ಲದಿದ್ದರೆ ಅದೇ ಗಾಳಿ ನೇರ ಸಿಲಿಂಡರಿಗೆ. ಅಲ್ಲಿ ಪೆಟ್ರೋಲ್ ಸ್ಪಾರ್ಕಿಗೆ ಕಾಯದೆ, ಅಥವಾ ಸ್ಪಾರ್ಕ್ ಆದ ಮೇಲೆ ಒಮ್ಮೆಗೇ ಸಿಡಿಯುತ್ತದೆ. ನಮ್ಮ ಮೆಕ್ಯಾನಿಕ್‌ಗಳ ಭಾಷೆಯಲ್ಲಿ 'ನಾಕಿಂಗ್'. ಪಿಸ್ಟನ್ನಿನ ನೆತ್ತಿಗೆ ಸುತ್ತಿಗೆಯಲ್ಲಿ ಬಡಿದ ಹಾಗೆ. 86ರ ಎಂಜಿನಿನಲ್ಲಿ ಕಂಪ್ರೆಶನ್ ಮೊದಲೇ 12.5 ಕ್ಕೆ 1, ಅಂದರೆ ಬಹಳ ಬಿಗಿ. ಸೂಪರ್‌ಚಾರ್ಜ್ ಮಾಡಲೆಂದು ಹುಟ್ಟಿದ ಎಂಜಿನ್ ಅಲ್ಲ ಅದು. ಅದರ ಕನೆಕ್ಟಿಂಗ್ ರಾಡ್‌ಗಳಿಗೂ ಒಂದು ಮಿತಿ ಉಂಟು ಅಂತ ಈ ಗಾಡಿ ಬಿಚ್ಚಿದವರೆಲ್ಲ ಹೇಳುತ್ತಾರೆ. ದುಬೈಯಲ್ಲಿ 98 ಆಕ್ಟೇನಿನ ಸೂಪರ್ ಪೆಟ್ರೋಲ್ ಪ್ರತಿ ಬಂಕಿನಲ್ಲಿ ಸಿಗುತ್ತದೆ ಎಂಬುದೊಂದೇ ಅಲ್ಲಿನ ಅನುಕೂಲ. 98ಕ್ಕೆ ಟ್ಯೂನ್ ಮಾಡಿದ ಗಾಡಿಗೆ ತಿಂಗಳ ಕೊನೆಯಲ್ಲಿ ದುಡ್ಡು ಕಡಿಮೆಯಾಯಿತು ಅಂತ 91 ಹಾಕಿದರೆ ಕತೆ ಮುಗಿಯಿತು.

ಈ ಗಾಳಿಯ ದಾರಿ, ಅಂದರೆ ಏರ್ ಇಂಟೇಕ್, ಇದರ ಬಗ್ಗೆ ಸ್ವಲ್ಪ ಉದ್ದ ಹೇಳಬೇಕು. ಯಾಕೆಂದರೆ ಸೂಪರ್‌ಚಾರ್ಜರ್ ಹಾಕಿಸುವವರು ನೂರರಲ್ಲಿ ಒಬ್ಬರಾದರೆ ಫಿಲ್ಟರ್ ಬದಲಾಯಿಸುವವರು ಮಂಗಳೂರಿನಲ್ಲೂ ಬೇಕಾದಷ್ಟು ಜನ ಇದ್ದಾರೆ. ಕಂಪೆನಿಯ ಕಪ್ಪು ಪ್ಲಾಸ್ಟಿಕ್ ಡಬ್ಬಿ ತೆಗೆದು ಕೋನ್ ಆಕಾರದ ತೆರೆದ ಫಿಲ್ಟರ್ ಸಿಕ್ಕಿಸುತ್ತಾರೆ. ಶಬ್ದ ಬದಲಾಗುತ್ತದೆ, 'ಸುಯ್' ಅನ್ನುತ್ತದೆ, ಹುಡುಗನಿಗೆ ಗಾಡಿ ಹಾರಿದ ಹಾಗೆ ಅನಿಸುತ್ತದೆ. ನಿಜವಾಗಿ ಆಗುವುದು ಬೇರೆ. ಆ ಡಬ್ಬಿ ಬಂಪರಿನ ಹಿಂದಿನಿಂದ ಹೊರಗಿನ ತಂಪು ಗಾಳಿ ಎಳೆಯುತ್ತಿತ್ತು. ತೆರೆದ ಫಿಲ್ಟರ್ ಬಾನೆಟ್ ಒಳಗಿನ ಬಿಸಿ ಗಾಳಿಯನ್ನೇ ಎಳೆಯುತ್ತದೆ. 25 ಡಿಗ್ರಿಯ ಗಾಳಿಗೆ ಹೋಲಿಸಿದರೆ 45 ಡಿಗ್ರಿಯ ಗಾಳಿ ಶೇಕಡಾ 6ರಷ್ಟು ತೆಳು, 65 ಡಿಗ್ರಿಯದು ಶೇಕಡಾ 12ರಷ್ಟು ತೆಳು. ಎಂಜಿನಿನ ಬಲವೂ ಹೆಚ್ಚುಕಡಿಮೆ ಅದೇ ಲೆಕ್ಕದಲ್ಲಿ ಇಳಿಯುತ್ತದೆ. ಟ್ರಾಫಿಕ್ಕಿನಲ್ಲಿ ನಿಂತ ಗಾಡಿಯ ಬಾನೆಟ್ ಅಡಿ 65 ಡಿಗ್ರಿ ದೊಡ್ಡ ಸಂಗತಿಯೇ ಅಲ್ಲ. ದುಡ್ಡು ಕೊಟ್ಟು ಬಲ ಕಡಿಮೆ ಮಾಡಿಸಿಕೊಂಡ ಹಾಗಾಯಿತು ಮಾರಾಯ್ರೆ.

ಇನ್ನೊಂದು ಸಂಗತಿಯನ್ನು ಅನೇಕ ಗ್ಯಾರೇಜಿನವರೂ ಹೇಳುವುದಿಲ್ಲ. ಆ ಇಂಟೇಕ್ ಕೊಳವೆಯಲ್ಲೇ ಗಾಳಿ ಅಳೆಯುವ ಸೆನ್ಸರ್ ಕೂತಿರುತ್ತದೆ. ಎಷ್ಟು ಗಾಳಿ ಒಳಗೆ ಹೋಯಿತು ಅಂತ ಅದು ಕಂಪ್ಯೂಟರಿಗೆ ಹೇಳುತ್ತದೆ, ಕಂಪ್ಯೂಟರ್ ಅದನ್ನು ನಂಬಿ ಪೆಟ್ರೋಲ್ ಬಿಡುತ್ತದೆ. ಕೊಳವೆಯನ್ನು ಅಗಲದ್ದು ಹಾಕಿದರೆ ಅದೇ ಗಾಳಿ ನಿಧಾನವಾಗಿ ಹರಿಯುತ್ತದೆ, ಸೆನ್ಸರ್ ಕಡಿಮೆ ಅಂತ ಲೆಕ್ಕ ಕೊಡುತ್ತದೆ, ಪೆಟ್ರೋಲ್ ಕಡಿಮೆ ಬೀಳುತ್ತದೆ. ಸಾಮಾನ್ಯ ಓಟದಲ್ಲಿ ಆಕ್ಸಿಜನ್ ಸೆನ್ಸರ್ ಇದನ್ನು ಸರಿದೂಗಿಸಿಕೊಂಡು ಹೋಗಬಹುದು. ಸೂಪರ್‌ಚಾರ್ಜರ್ ಇದ್ದು, ಪೂರ್ತಿ ಒತ್ತಿದಾಗ ಹೀಗಾದರೆ ಪಿಸ್ಟನ್ ಕರಗುತ್ತದೆ. ಎಣ್ಣೆ ಹಚ್ಚುವ ಹತ್ತಿಯ ಫಿಲ್ಟರ್ ಆದರೆ ಹೆಚ್ಚಾದ ಎಣ್ಣೆ ಹೋಗಿ ಅದೇ ಸೆನ್ಸರಿಗೆ ಅಂಟುತ್ತದೆ. ಗಲ್ಫಿನಲ್ಲಿ ಮರಳು ಬೇರೆ. ಕೆಲವು ಸೂಪರ್‌ಚಾರ್ಜರುಗಳ ಒಳಗಿನ ಚಕ್ರ ನಿಮಿಷಕ್ಕೆ ಒಂದು ಲಕ್ಷ ಸುತ್ತಿನ ಹತ್ತಿರ ತಿರುಗುತ್ತದೆ. ಫಿಲ್ಟರ್ ತಪ್ಪಿಸಿ ಬಂದ ಮರಳಿನ ಕಣ ಅಲ್ಲಿ ಉಳಿಗೆ ಸಮ.

ಆದ್ದರಿಂದ ಸರಿಯಾದ ಕೆಲಸ ಅಂದರೆ ಬರೀ ಯಂತ್ರ ಕೂರಿಸಿ ಬೆಲ್ಟ್ ಹಾಕುವುದಲ್ಲ. ಬಂಪರ್ ತೆಗೆದು ಇಂಟರ್‌ಕೂಲರ್ ಇಡಬೇಕು, ಫಿಲ್ಟರನ್ನು ಎಂಜಿನ್ ಬಿಸಿಯಿಂದ ಮರೆಮಾಡಿದ ಡಬ್ಬಿಯಲ್ಲೇ ಇಡಬೇಕು, ಇಂಜೆಕ್ಟರ್, ಪೆಟ್ರೋಲ್ ಪಂಪ್ ಸಾಕಾಗುತ್ತದೆಯೇ ನೋಡಬೇಕು, ಬಿಸಿ ಬೇಗ ಬಿಡುವ ಸ್ಪಾರ್ಕ್ ಪ್ಲಗ್ ಹಾಕಬೇಕು. ಕೊನೆಗೆ ಡೈನೊ ಮೇಲೆ ಗಾಡಿ ಹತ್ತಿಸಿ ಇಸಿಯು ಟ್ಯೂನ್ ಮಾಡಬೇಕು. ಬಂಟ್ವಾಳದ ಹುಡುಗ ಹೇಳಿದ್ದು ಇದನ್ನೇ: "ಜನ ಕಿಟ್‌ಗೆ ದುಡ್ಡು ಕೊಡ್ತಾರೆ, ಟ್ಯೂನಿಂಗಿಗೆ ಚೌಕಾಶಿ ಮಾಡ್ತಾರೆ. ಎಂಜಿನ್ ಹೋಗೋದು ಆ ಚೌಕಾಶಿಯಿಂದ." ಬ್ರೇಕು, ಟಯರಿನ ಮಾತು ಎತ್ತುವವರು ಇನ್ನೂ ಕಡಿಮೆ. ಬಲ ಹೆಚ್ಚಿಸಿದ ಗಾಡಿ ನಿಲ್ಲಲೂ ಬೇಕಲ್ಲ.

ಈಗ ಕಾನೂನಿಗೆ ಬರುವ. ಯುಎಇಯಲ್ಲಿ ಗಾಡಿಯ ರಿಜಿಸ್ಟ್ರೇಶನ್ ಕಾರ್ಡಿಗೆ ಮುಲ್ಕಿಯಾ ಅನ್ನುತ್ತಾರೆ. (ನಮ್ಮ ಮೂಲ್ಕಿಗೂ ಅದಕ್ಕೂ ಸಂಬಂಧ ಇಲ್ಲ. ಹೊಸತಾಗಿ ಹೋದವರು ತಮಾಷೆ ಮಾಡುವುದು ಮಾತ್ರ ತಪ್ಪುವುದಿಲ್ಲ.) 2017ರ ಫೆಡರಲ್ ದಂಡಪಟ್ಟಿಯ ಪ್ರಕಾರ ಅನುಮತಿ ಇಲ್ಲದೆ ಎಂಜಿನ್ ಅಥವಾ ಚಾಸಿಸ್ ಬದಲಾಯಿಸಿದರೆ 1,000 ದಿರ್ಹಂ ದಂಡ, 12 ಬ್ಲ್ಯಾಕ್ ಪಾಯಿಂಟ್, 30 ದಿನ ಗಾಡಿ ಜಪ್ತಿ. ಅತಿಯಾದ ಶಬ್ದ ಮಾಡಿದರೆ 2,000 ದಿರ್ಹಂ, ಅದಕ್ಕೂ 12 ಪಾಯಿಂಟ್. ಒಂದು ವರ್ಷದಲ್ಲಿ 24 ಪಾಯಿಂಟ್ ಆದರೆ ಲೈಸೆನ್ಸ್ ಅಮಾನತು. ಒಂದೇ ರಾತ್ರಿ ಎರಡೂ ಬಿದ್ದರೆ ಲೆಕ್ಕ ನೀವೇ ಹಾಕಿ. ಡೆಲಿವರಿ, ಸೇಲ್ಸ್, ಡ್ರೈವಿಂಗ್ ಕೆಲಸದವನಾದರೆ ಲೈಸೆನ್ಸ್ ಹೋದ ದಿನವೇ ಕೆಲಸವೂ ಅಲ್ಲಾಡುತ್ತದೆ.

ಅದರ ಮೇಲೆ ಎಮಿರೇಟುಗಳ ನಿಯಮ. ಅಬುಧಾಬಿ 2020ರ 5ನೇ ಕಾನೂನಿನಲ್ಲಿ ಇಂತಹ ಗಾಡಿ ಬಿಡಿಸಿಕೊಳ್ಳಲು 10,000 ದಿರ್ಹಂ ಕಟ್ಟಬೇಕು ಅಂತ ಮಾಡಿತು. ದುಬೈಯ 2023ರ 30ನೇ ಆದೇಶವೂ, ವೇಗ ಹೆಚ್ಚುವ ಅಥವಾ ಶಬ್ದ ಬರುವ ಹಾಗೆ ಗಾಡಿ ಬದಲಾಯಿಸಿದರೆ ಬಿಡುಗಡೆಗೆ 10,000 ದಿರ್ಹಂ ಅನ್ನುತ್ತದೆ. ತಿಂಗಳಿಗೆ ಮೂರು ಸಾವಿರ ದಿರ್ಹಂ ಸಂಬಳದವನಿಗೆ ಇದು ಮೂರು ತಿಂಗಳ ದುಡಿಮೆಗಿಂತ ಹೆಚ್ಚು. ಸೆಕೆಂಡ್ ಹ್ಯಾಂಡ್ 86 ಕೊಳ್ಳುವವರಲ್ಲಿ ಬ್ಯಾಂಕ್ ಲೋನಿನ ಹುಡುಗರೂ ಇರುತ್ತಾರೆ ಎಂಬುದನ್ನು ಮರೆಯಬಾರದು. ಮೊದಲ ಮಾಲಕ ಮಾಡಿಸಿದ ಮಾಡಿಫಿಕೇಶನಿಗೆ ಎರಡನೆಯವ ಮುಖಾಲಫಾ ಕಟ್ಟುವ ಪ್ರಸಂಗವೂ ಬರುತ್ತದೆ.

ಭಾರತದಲ್ಲಿ ಪರಿಸ್ಥಿತಿ ಇನ್ನೂ ನೇರ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರ ಕಂಪೆನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿ ಬದಲಾಯಿಸುವ ಹಾಗಿಲ್ಲ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಗಟ್ಟಿಯಾಗಿ ಹೇಳಿತು. ಅದೇ ವರ್ಷ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡನ್ನೂ ಇಟ್ಟಿದೆ. "ಸಿಸಿ ಬದಲಾಗಲಿಲ್ಲವಲ್ಲ, ಎಂಜಿನ್ ನಂಬರ್ ಅದೇ ಅಲ್ವಾ" ಅಂತ ವಾದಿಸುವವರನ್ನು ಕಂಡಿದ್ದೇನೆ. ಸೂಪರ್‌ಚಾರ್ಜರಿನಿಂದ ಸಿಸಿ ಬದಲಾಗುವುದಿಲ್ಲ, ಸತ್ಯ. ಆದರೆ ಕಂಪೆನಿ ಹೊಗೆಯ ಪರೀಕ್ಷೆಗೆ ಕೊಟ್ಟ ಎಂಜಿನ್ ಅದಲ್ಲ, ಇದೂ ಸತ್ಯ. ಇನ್ಶೂರೆನ್ಸ್ ವಿಷಯದಲ್ಲಿ ಎರಡೂ ದೇಶ ಒಂದೇ. ಮೊದಲೇ ತಿಳಿಸದ ಬದಲಾವಣೆ ಇದ್ದರೆ ನಿಮ್ಮ ಗಾಡಿಯ ಡ್ಯಾಮೇಜ್ ಕ್ಲೇಮ್ ತಕರಾರಿಗೆ ಬೀಳುತ್ತದೆ. ಸರ್ವೇಯರ್ ಬಾನೆಟ್ ಎತ್ತಿದಾಗ ಬಸವನಹುಳ ಕಾಣದೆ ಇರುವುದಿಲ್ಲ.

ಇಲ್ಲಿ ನನಗೆ ಒಂದು ತಕರಾರು ಉಂಟು. ದುಬೈ ಆದೇಶವಾಗಲಿ, ನಮ್ಮೂರ ಪೊಲೀಸರ ಕಾರ್ಯಾಚರಣೆಯಾಗಲಿ, ಹಿಡಿಯುವುದು ಹೆಚ್ಚಾಗಿ ಶಬ್ದವನ್ನು. ಶಬ್ದ ಅಳೆಯುವ ರಾಡಾರ್ ಯುಎಇಯ ರಸ್ತೆಗೆ ಬಂದಿದೆ. ಮಲಗಿದ ಮಗುವನ್ನು ಎಬ್ಬಿಸುವ ಸೈಲೆನ್ಸರ್ ನಿಲ್ಲಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಸರಿಯಾಗಿ ಕೂರಿಸಿದ, ಕಂಪೆನಿ ಸೈಲೆನ್ಸರೇ ಇರುವ ಸೂಪರ್‌ಚಾರ್ಜ್ ಗಾಡಿ ದೊಡ್ಡ ಶಬ್ದ ಮಾಡುವುದಿಲ್ಲ. ತಪ್ಪಾಗಿ ಟ್ಯೂನ್ ಮಾಡಿದ, ಬ್ರೇಕ್ ಸಾಲದ ಗಾಡಿಯೂ ಮಾಡುವುದಿಲ್ಲ. ನೂರಿಪ್ಪತ್ತರ ವೇಗದಲ್ಲಿ ಎಂಜಿನ್ ಒಡೆದು ಎಣ್ಣೆ ಸುರಿಯುವ ಗಾಡಿಯನ್ನು ಮೈಕ್ರೊಫೋನ್ ಮೊದಲೇ ಕಂಡುಹಿಡಿಯಲಾರದು. ವರ್ಷಕ್ಕೊಮ್ಮೆ ಪಾಸಿಂಗಿನ ದಿನ ಹಳೆಯ ಇಂಟೇಕ್, ಹಳೆಯ ಸೈಲೆನ್ಸರ್ ವಾಪಸ್ ಹಾಕಿ ಕೊಂಡೊಯ್ಯುವುದು ಅಲ್ಲಿನ ಗ್ಯಾರೇಜುಗಳಲ್ಲಿ ಗುಟ್ಟೇನಲ್ಲ. ಪಾಸಿಂಗ್ ಆಗುವುದು ಒಂದು ಗಾಡಿ, ರಸ್ತೆಯಲ್ಲಿ ಓಡುವುದು ಇನ್ನೊಂದು.

ಕ್ಯಾಲಿಫೋರ್ನಿಯಾದ ದಾರಿ ಬೇರೆ. ಅಲ್ಲಿನ ವಾಯು ಮಂಡಳಿ ಕಿಟ್ ತಯಾರಿಸಿದವರನ್ನೇ ಕರೆದು, ನಿಮ್ಮ ಸಾಮಾನು ಹಾಕಿದರೆ ಹೊಗೆ ಮಿತಿ ಮೀರುವುದಿಲ್ಲ ಅಂತ ಪರೀಕ್ಷೆಯಲ್ಲಿ ತೋರಿಸಿ ಅನ್ನುತ್ತದೆ. ತೋರಿಸಿದರೆ ಆ ಕಿಟ್‌ಗೆ ಒಂದು ನಂಬರ್, ಬಾನೆಟ್ ಅಡಿ ಅಂಟಿಸಲು ಒಂದು ಸ್ಟಿಕ್ಕರ್. 86ಕ್ಕೆ ಬಂದ ಕೆಲವು ಸೂಪರ್‌ಚಾರ್ಜರ್ ಕಿಟ್‌ಗಳಿಗೆ ಆ ನಂಬರ್ ಉಂಟು. ನಂಬರ್ ಇದ್ದರೆ ಪರೀಕ್ಷೆಯಲ್ಲಿ ಪಾಸ್, ಇಲ್ಲದಿದ್ದರೆ ಫೇಲ್. 2021ರ ಜುಲೈಯಿಂದ ಅಲ್ಲಿ ಇಸಿಯು ಸಾಫ್ಟ್‌ವೇರ್ ತಿದ್ದಿದ್ದಾರೆಯೇ ಅಂತಲೂ ನೋಡುತ್ತಾರೆ. ಕಟ್ಟುನಿಟ್ಟು ನಮಗಿಂತ ಹೆಚ್ಚೇ, ಆದರೆ ಬಾಗಿಲು ಪೂರ್ತಿ ಮುಚ್ಚಿಲ್ಲ. ಗಾಡಿಯ ಮಾಲಕ ಕದ್ದು ಮಾಡಬೇಕಾಗಿಲ್ಲ, ಮೆಕ್ಯಾನಿಕ್ ಹೆದರಿ ಮಾಡಬೇಕಾಗಿಲ್ಲ.

ನಮ್ಮಲ್ಲಿ ಇಂಥದ್ದು ಆಗದ ಮಾತು ಅಂತೇನಿಲ್ಲ. ಸಿಎನ್‌ಜಿ ಕಿಟ್ ನೋಡಿ. ಪರೀಕ್ಷೆಯಾಗಿ ಒಪ್ಪಿಗೆ ಪಡೆದ ಕಿಟ್, ಅಧಿಕೃತ ಗ್ಯಾರೇಜಿನಲ್ಲಿ ಅಳವಡಿಕೆ, ನಂತರ ಆರ್‌ಟಿಒದಲ್ಲಿ ಆರ್‌ಸಿ ಮೇಲೆ ನಮೂದು. ಎಂಜಿನಿಗೆ ಹೋಗುವ ಇಂಧನವನ್ನೇ ಬದಲಾಯಿಸುವ ಕೆಲಸಕ್ಕೆ ಕ್ರಮ ಇರುವಾಗ, ಗಾಳಿ ಹೆಚ್ಚಿಸುವ ಕೆಲಸಕ್ಕೆ ಒಂದು ಕ್ರಮ ಮಾಡುವುದು ಸರಕಾರಕ್ಕೆ ಅಸಾಧ್ಯವಲ್ಲ. ಮಾಡುವ ಅಂದಾಜು ಸದ್ಯ ಕಾಣುವುದಿಲ್ಲ, ಅದೂ ನಿಜ. ಸಿಎನ್‌ಜಿಗೆ ಲಕ್ಷಾಂತರ ಗಿರಾಕಿಗಳು, ಇದಕ್ಕೆ ಬೆರಳೆಣಿಕೆ. ಮತ ಕೇಳುವವರಿಗೆ ಸೂಪರ್‌ಚಾರ್ಜರಿನ ಹುಡುಗರು ಲೆಕ್ಕಕ್ಕಿಲ್ಲ. ಮೇಲಾಗಿ ಈಗ ಬಂಕಿನಲ್ಲಿ ಬರುವುದು ಶೇಕಡಾ 20 ಎಥನಾಲ್ ಸೇರಿದ ಪೆಟ್ರೋಲ್. ಅದರ ಆಕ್ಟೇನ್ ಹಿಂದಿನದಕ್ಕಿಂತ ಒಳ್ಳೆಯದು, ಆದರೆ ಅದೇ ಗಾಳಿಗೆ ಹೆಚ್ಚು ಇಂಧನ ಬೇಡುತ್ತದೆ. ಹೊರದೇಶದ ಶುದ್ಧ ಪೆಟ್ರೋಲಿಗೆ ಬರೆದ ಟ್ಯೂನ್ ಫೈಲನ್ನು ಇಲ್ಲಿ ಹಾಗೆಯೇ ಹಾಕಿಕೊಂಡರೆ ಲೆಕ್ಕ ತಪ್ಪುತ್ತದೆ. ಪೆನ್‌ಡ್ರೈವಿನಲ್ಲಿ ಟ್ಯೂನ್ ತಂದು ಹಾಕುವವರು ಇದನ್ನು ಯೋಚಿಸಿದ ಹಾಗೆ ಕಾಣುವುದಿಲ್ಲ.

ರಸ್ತೆ ಬಿಟ್ಟು ಬೇರೆ ಜಾಗ ಇಲ್ಲವೇ ಅಂದರೆ, ಗಲ್ಫಿನಲ್ಲಿ ಉಂಟು. ದುಬೈ ಆಟೊಡ್ರೋಮಿನಲ್ಲಿ, ಅಬುಧಾಬಿಯ ಯಾಸ್ ಮರೀನಾ ಸರ್ಕ್ಯೂಟಿನಲ್ಲಿ ಸಾಮಾನ್ಯರು ತಮ್ಮ ಗಾಡಿ ಕೊಂಡುಹೋಗಿ ಓಡಿಸುವ ದಿನಗಳಿವೆ, ಯಾಸ್‌ನಲ್ಲಿ ಡ್ರ್ಯಾಗ್ ಓಟದ ನೇರ ಪಟ್ಟಿಯೂ ಇದೆ. ನಮ್ಮ ಕರಾವಳಿಯವನಿಗೆ ಅಂಥ ಸರಿಯಾದ ಟ್ರ್ಯಾಕ್ ಬೇಕಾದರೆ ಘಟ್ಟ ಹತ್ತಿ ಕೊಯಮತ್ತೂರಿನ ಕರಿ ಸ್ಪೀಡ್‌ವೇವರೆಗೆ ಹೋಗಬೇಕು. ಹೈವೇಯಲ್ಲಿ, ಬೀಚ್ ರಸ್ತೆಯಲ್ಲಿ ರಾತ್ರಿ ಹೊತ್ತು ಒತ್ತುವವನಿಗೆ ಇದೊಂದು ನೆಪ ಅಷ್ಟೇ ಆಗಬಾರದು, ಆದರೆ ನೆಪದಲ್ಲೂ ಸ್ವಲ್ಪ ಸತ್ಯ ಉಂಟು.

ಕೊನೆಗೆ ಮೆಕ್ಯಾನಿಕ್‌ನ ಪ್ರಶ್ನೆಗೆ ವಾಪಸ್ ಬರುವ. ಹೊಣೆ ಯಾರದ್ದು? ಮುಲ್ಕಿಯಾ ಮಾಲಕನ ಹೆಸರಿನಲ್ಲಿದೆ, ದಂಡ ಅವನಿಗೆ ಬೀಳುತ್ತದೆ. ಆದರೆ ಎಂಜಿನ್ ಒಡೆದಾಗ, ಅಪಘಾತವಾದಾಗ ಮಾಲಕ ಬೆರಳು ತೋರಿಸುವುದು ಬೋಲ್ಟ್ ಬಿಗಿದವನ ಕಡೆಗೆ. ಅವನ ವೀಸಾ ಗ್ಯಾರೇಜಿನ ಮೇಲೆ ನಿಂತಿದೆ. ಗ್ಯಾರೇಜಿನ ಮಾಲಕ 'ಮಾಡು' ಅಂದಾಗ 'ಅನುಮತಿ ಕಾಗದ ಎಲ್ಲಿ' ಅಂತ ಕೇಳುವ ಧೈರ್ಯ ಎಷ್ಟು ಜನರಿಗೆ ಇದ್ದೀತು? ಬಂಟ್ವಾಳದ ಹುಡುಗ ತನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದಾನೆ. ಗಾಡಿ ಬರುವಾಗಲೇ ಬಾನೆಟ್ ಎತ್ತಿ ಮೊಬೈಲಿನಲ್ಲಿ ಫೋಟೊ ತೆಗೆದಿಡುತ್ತಾನೆ. ಏನೇನು ಹಾಕಿದೆ, ಯಾವ ಪೆಟ್ರೋಲ್ ಹಾಕಬೇಕು, ಟ್ಯೂನ್ ಯಾರು ಮಾಡಿದ್ದು, ಅನುಮತಿ ತರುವುದು ಯಾರ ಕೆಲಸ, ಎಲ್ಲ ಜಾಬ್ ಕಾರ್ಡಿನಲ್ಲಿ ಬರೆದು ಗಿರಾಕಿಯ ಸಹಿ ಹಾಕಿಸುತ್ತಾನೆ. ಸಹಿ ಹಾಕದವನ ಗಾಡಿ ಮುಟ್ಟುವುದಿಲ್ಲ ಅಂತ ಗ್ಯಾರೇಜಿನವನಿಗೂ ಹೇಳಿಬಿಟ್ಟಿದ್ದಾನಂತೆ. ಗ್ಯಾರೇಜಿನವನು ಮೊದಲು ಬೈದ, ಈಗ ಅವನೇ ಕಾರ್ಡ್ ಪ್ರಿಂಟ್ ಮಾಡಿಸಿ ಕೊಟ್ಟಿದ್ದಾನೆ.

ನಾನು ಹೊರಡುವಾಗ ಆ 86ರಿಂದ ಬಿಚ್ಚಿದ ಕಂಪೆನಿಯ ಏರ್ ಡಬ್ಬಿ, ಹಳೆಯ ಬೆಲ್ಟ್, ಕೊಳವೆ ಎಲ್ಲವನ್ನೂ ಅವನು ಒಂದು ರಟ್ಟಿನ ಪೆಟ್ಟಿಗೆಗೆ ತುಂಬಿಸಿ ಮೇಲೆ ಪ್ಲೇಟ್ ನಂಬರ್ ಬರೆಯುತ್ತಿದ್ದ. ಇದನ್ನೆಲ್ಲ ಯಾಕೆ ಇಡುವುದು ಅಂತ ಕೇಳಿದೆ. "ಗಾಡಿ ಮಾರುವಾಗ ಕೇಳ್ತಾರೆ ಕಾಕಾ" ಅಂದು, ಪೆಟ್ಟಿಗೆಗೆ ಟೇಪ್ ಸುತ್ತತೊಡಗಿದ.